ಭೂದಾಖಲೆಗಳ ಸರ್ವರ್‌ನಲ್ಲಿ ಮೀಸಲು ಡಿಸ್ಕ್‌ಗಳ ನಿರ್ವಹಣೆ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಗುಂಡ್ಲುಪೇಟೆಯ ರೈತರು ಬೆಳೆ ಸಾಲ ಪಡೆಯುವುದಕ್ಕೂ, ಚಾಮರಾಜನಗರದಲ್ಲಿ ಕೃಷಿ ಜಮೀನು ಖರೀದಿಸುವವರು ಹಕ್ಕನ್ನು ಪರಿಶೀಲಿಸುವುದಕ್ಕೂ ಪಹಣಿಯು ಅತ್ಯವಶ್ಯಕ ದಾಖಲೆಯಾಗಿರುತ್ತದೆ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿ ವಿತರಣೆಯನ್ನು ನಿಲ್ಲಿಸಲಾಯಿತು. ಆದುದರಿಂದ ಸರ್ವರ್‌ನಲ್ಲಿರುವ ದಾಖಲೆಯ ಸುರಕ್ಷತೆಯು ಪ್ರತಿಯೊಬ್ಬ ಭೂಮಾಲೀಕರಿಗೂ ಸಂಬಂಧಿಸಿದ ವಿಷಯವಾಗಿದೆ.

ಆರಂಭದ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದಾಖಲೆಗಳು ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇದ್ದವು. ನಂತರ ಅವುಗಳನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ವರ್ಗಾಯಿಸಲಾಯಿತು.

ಹೆಚ್ಚುವರಿ ಡಿಸ್ಕ್‌ಗಳ ವ್ಯವಸ್ಥೆ

ಯಾವುದೇ ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೆಡುತ್ತದೆ. ಇದಕ್ಕೆ ಪರಿಹಾರವಾಗಿ ಹಲವು ಡಿಸ್ಕ್‌ಗಳನ್ನು ಒಂದುಗೂಡಿಸುವ 'ರೇಡ್' ಎಂಬ ವಿಧಾನವನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಸರ್ವರ್‌ಗಳಲ್ಲಿ ಈ ವಿಧಾನವು ವ್ಯಾಪಕವಾಗಿ ಬಳಕೆಯಲ್ಲಿದೆ.

ಇದರ ತತ್ವವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಮೊದಲ ಡಿಸ್ಕ್‌ನಲ್ಲಿ 4, ಎರಡನೆಯದರಲ್ಲಿ 7, ಮೂರನೆಯದರಲ್ಲಿ ಅವುಗಳ ಮೊತ್ತ 11 ಇದೆ ಎಂದು ಭಾವಿಸೋಣ. ಎರಡನೆಯ ಡಿಸ್ಕ್ ಕೆಟ್ಟರೂ 11ರಿಂದ 4ನ್ನು ಕಳೆದು 7ನ್ನು ಮರಳಿ ಪಡೆಯಬಹುದು. ಆದ್ದರಿಂದ ಒಂದು ಡಿಸ್ಕ್ ಕೆಟ್ಟ ದಿನವೂ ಪಹಣಿ ವಿತರಣೆ ಮುಂದುವರಿಯಬಲ್ಲದು.

ಮೀಸಲು ಡಿಸ್ಕ್‌ನ ಪಾತ್ರ

ಸರ್ವರ್‌ನಲ್ಲಿ ಒಂದು ಖಾಲಿ ಡಿಸ್ಕ್ ಅನ್ನು ಸದಾ ಸನ್ನದ್ಧವಾಗಿ ಇರಿಸಲಾಗುತ್ತದೆ. ಬೇರೊಂದು ಡಿಸ್ಕ್ ಕೆಟ್ಟ ಕೂಡಲೇ ಇದು ತಾನಾಗಿಯೇ ಅದರ ಸ್ಥಾನವನ್ನು ಪಡೆದು, ಕಳೆದುಹೋದ ಮಾಹಿತಿಯನ್ನು ಮರುರಚಿಸಿಕೊಳ್ಳುತ್ತದೆ. ಈ ಕಾರ್ಯಕ್ಕೆ ಹಲವು ಗಂಟೆಗಳು ಬೇಕಾಗಬಹುದು, ಸೇವೆಯೂ ನಿಧಾನವಾಗಬಹುದು. ಮೇಲಿನ ಉದಾಹರಣೆಯಂತಹ ವ್ಯವಸ್ಥೆಯಲ್ಲಿ ಈ ಅವಧಿಯೊಳಗೆ ಎರಡನೆಯ ಡಿಸ್ಕ್ ಸಹ ಕೆಟ್ಟರೆ ಮಾಹಿತಿ ನಷ್ಟವಾಗುತ್ತದೆ. ಆದಕಾರಣ ಎಚ್ಚರಿಕೆಯ ದೀಪವನ್ನು ಪ್ರತಿದಿನ ಗಮನಿಸುವುದು, ಕೆಟ್ಟ ಡಿಸ್ಕ್ ಅನ್ನು ತಡಮಾಡದೆ ಬದಲಿಸುವುದು ಮತ್ತು ಬಳಕೆಯಾದ ಮೀಸಲು ಡಿಸ್ಕ್‌ಗೆ ಪ್ರತಿಯಾಗಿ ಮತ್ತೊಂದನ್ನು ಇರಿಸುವುದು ನಿರ್ವಹಣೆಯ ಮುಖ್ಯ ಕರ್ತವ್ಯಗಳಾಗಿವೆ.

ವ್ಯವಸ್ಥೆಯ ಮಿತಿ

ಈ ವ್ಯವಸ್ಥೆಯು ಡಿಸ್ಕ್ ಕೆಡುವುದರಿಂದ ಮಾತ್ರ ರಕ್ಷಣೆ ನೀಡುತ್ತದೆ. ಬೆಂಕಿ ಬಿದ್ದರೆ ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಹಾಳಾಗುತ್ತವೆ. ದಾಖಲೆಯನ್ನು ತಪ್ಪಾಗಿ ಅಳಿಸಿದರೆ ಅದು ಎಲ್ಲ ಡಿಸ್ಕ್‌ಗಳಿಂದಲೂ ಅಳಿಯುತ್ತದೆ. ಆದ್ದರಿಂದ ದಿನಾಂಕವಾರು ಪ್ರತಿಗಳನ್ನು ಬೇರೊಂದು ಸ್ಥಳದಲ್ಲಿ ಇಡುವುದು ಮತ್ತು ಅವುಗಳಿಂದ ದಾಖಲೆ ಮರಳಿ ದೊರೆಯುವುದೇ ಎಂದು ಆಗಾಗ್ಗೆ ಪರೀಕ್ಷಿಸುವುದು ಅವಶ್ಯಕ.

ಹಾಗೆಯೇ, ಪಹಣಿಯಲ್ಲಿ 2 ಎಕರೆಯು 1 ಎಕರೆ ಎಂದು ನಮೂದಾಗಿದ್ದರೆ, ಎಲ್ಲ ಡಿಸ್ಕ್‌ಗಳೂ ಎಲ್ಲ ಪ್ರತಿಗಳೂ ಆ ತಪ್ಪನ್ನೇ ಜೋಪಾನವಾಗಿ ಕಾಯುತ್ತವೆ. ಅದನ್ನು ಗುರುತಿಸಬಲ್ಲವರು ಜಮೀನಿನ ಮಾಲೀಕರು ಮಾತ್ರ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಪಹಣಿ ಪಡೆದ ಕೂಡಲೇ ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಮತ್ತು ಋಣಭಾರದ ವಿವರಗಳನ್ನು ಓದಿ ನೋಡುವುದು; ಓದಲು ಬಾರದವರು ನಂಬಿಕಸ್ಥರಿಂದ ಓದಿಸಿಕೊಳ್ಳುವುದು.

2. ಖಾತೆ ಬದಲಾವಣೆಯ ನಂತರ ಹೊಸ ಪಹಣಿ ಪಡೆದು ಪರಿಶೀಲಿಸುವುದು.

3. ಹಳೆಯ ಪಹಣಿ, ಮ್ಯುಟೇಶನ್ ಪ್ರತಿ ಮತ್ತು ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

4. ತಪ್ಪು ಕಂಡುಬಂದಲ್ಲಿ ವಿಳಂಬ ಮಾಡದೆ, ಪೂರಕ ದಾಖಲೆಗಳೊಂದಿಗೆ ತಾಲ್ಲೂಕು ಕಚೇರಿಯಲ್ಲಿ ತಿದ್ದುಪಡಿಗಾಗಿ ಅರ್ಜಿ ಸಲ್ಲಿಸುವುದು.