ಜೀವಕೋಶ ಕೂಗಿ ಸತ್ತರೆ

ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುವ ಹೊಣೆ ನಮ್ಮ ದೇಹದಲ್ಲಿ ಮುಖ್ಯವಾಗಿ ಎರಡು ಬಗೆಯ ಬಿಳಿರಕ್ತಕಣಗಳದ್ದು: ಟಿ ಕೋಶ ಮತ್ತು ಎನ್‌ಕೆ ಕೋಶ. ಇವುಗಳೊಳಗಿನ ಪುಟ್ಟ ಚೀಲಗಳಲ್ಲಿ ಗ್ರಾಂಜೈಮ್ ಎಂಬ ಕಿಣ್ವಗಳು ತುಂಬಿರುತ್ತವೆ. ಮನುಷ್ಯರಲ್ಲಿ ಐದು ಬಗೆ: ಎ, ಬಿ, ಎಚ್, ಕೆ, ಎಂ. ಒಂದೊಂದೂ ಪ್ರೋಟೀನನ್ನು ಗೊತ್ತಾದ ಜಾಗದಲ್ಲೇ ತುಂಡರಿಸುವ ಕತ್ತರಿ. ಕತ್ತರಿ ಒಳಹೋಗಲು ದಾರಿ ಬೇಕಲ್ಲ? ಪರ್ಫೊರಿನ್ ಎಂಬ ಪ್ರೋಟೀನ್ ಎದುರಿನ ಕೋಶದ ಪೊರೆಯಲ್ಲಿ ರಂಧ್ರ ಕೊರೆದು ಅದನ್ನು ಒದಗಿಸುತ್ತದೆ.

ಒಳಹೊಕ್ಕ ಗ್ರಾಂಜೈಮ್ ಬಿ, ಕ್ಯಾಸ್ಪೇಸ್-3 ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಆಮೇಲೆ ಕೋಶ ಕುಗ್ಗಿ, ಪೊರೆ ಸುತ್ತಿದ ತುಣುಕುಗಳಾಗಿ ಒಡೆಯುತ್ತದೆ. ಅಕ್ಕಪಕ್ಕದ ಭಕ್ಷಕ ಕೋಶಗಳು ಅವನ್ನು ನುಂಗಿಬಿಡುತ್ತವೆ. ಏನೂ ಸೋರುವುದಿಲ್ಲ, ಉರಿಯೂತವೂ ಇಲ್ಲ. ಬಹುಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದುದು ಈ ಸದ್ದಿಲ್ಲದ ಸಾವಿನ ಕಥೆಯನ್ನೇ.

2020ರಲ್ಲಿ ಕಥೆ ತಿರುಗಿತು. ಗ್ರಾಂಜೈಮ್ ಎ, ಗ್ಯಾಸ್ಡರ್ಮಿನ್ ಬಿ ಎಂಬ ಪ್ರೋಟೀನನ್ನು ಕತ್ತರಿಸುತ್ತದೆಂದು ಬೀಜಿಂಗ್‌ನ ಫೆಂಗ್ ಶಾವೊ ತಂಡ ತೋರಿಸಿತು. ಗ್ರಾಂಜೈಮ್ ಬಿ ನೇರವಾಗಿ ಗ್ಯಾಸ್ಡರ್ಮಿನ್ ಇ ಮೇಲೆ ಕೈಯಿಡುತ್ತದೆಂದು ಬಾಸ್ಟನ್‌ನ ಜೂಡಿ ಲೀಬರ್‌ಮನ್ ತಂಡ ಕಂಡಿತು. ತುಂಡಾದ ಗ್ಯಾಸ್ಡರ್ಮಿನ್‌ನ ಒಂದು ಭಾಗ ಪೊರೆಗೆ ಅಂಟಿ, ಅಲ್ಲಿ ಒಳಗಿನಿಂದಲೇ ರಂಧ್ರಗಳನ್ನು ಕಟ್ಟುತ್ತದೆ. ನೀರು ನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಚೆಲ್ಲಿದ ಒಳಸರಕು ಸುತ್ತಲಿನ ರಕ್ಷಕ ಕೋಶಗಳಿಗೆ ಅಪಾಯದ ಕೂಗು. ಇದೇ ಪೈರೋಪ್ಟೋಸಿಸ್, ಉರಿಯೂತ ಎಬ್ಬಿಸುವ ಸಾವು.

ನನಗೆ ಇದರಲ್ಲಿ ಸ್ವಾರಸ್ಯವೆನಿಸುವುದು ಇಷ್ಟು: ಸಾವು ಹೇಗಿರಬೇಕೆಂಬುದನ್ನು ಕೊಲ್ಲುವ ಕೋಶವೊಂದೇ ತೀರ್ಮಾನಿಸುವುದಿಲ್ಲ. ಸಾಯುವ ಕೋಶದಲ್ಲಿ ಯಾವ ಗ್ಯಾಸ್ಡರ್ಮಿನ್ ಎಷ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅನೇಕ ಕ್ಯಾನ್ಸರ್ ಗೆಡ್ಡೆಗಳಲ್ಲಿ ಗ್ಯಾಸ್ಡರ್ಮಿನ್ ಇ ಜೀನ್ ಬಾಯಿ ಮುಚ್ಚಿಕೊಂಡಿರುತ್ತದೆ. ಗೆಡ್ಡೆಗೆ ಅದರಿಂದ ಲಾಭವೇ. ಕೂಗಿಲ್ಲದಿದ್ದರೆ ನೆರವಿಗೆ ಬರುವ ರಕ್ಷಕರೂ ಕಡಿಮೆ.

ಕೂಗು ಅತಿಯಾದರೂ ಕಷ್ಟ. ರೋಗಿಯ ಟಿ ಕೋಶಗಳನ್ನೇ ತಿದ್ದಿ ರಕ್ತದ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯಲ್ಲಿ ತೀವ್ರ ಜ್ವರ, ರಕ್ತದೊತ್ತಡದ ಕುಸಿತ ಕಾಣಿಸಿಕೊಳ್ಳುವುದುಂಟು. ಕ್ಯಾನ್ಸರ್ ಕೋಶಗಳು ಗ್ಯಾಸ್ಡರ್ಮಿನ್ ಇ ಮೂಲಕ ಒಡೆದು ಭಕ್ಷಕ ಕೋಶಗಳನ್ನು ಕೆರಳಿಸುವುದು ಇದಕ್ಕೊಂದು ಕಾರಣವೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಈ ಚಿಕಿತ್ಸೆ ನಮ್ಮ ದೇಶದಲ್ಲೂ ದೊರೆಯುತ್ತಿದೆ. ಅದನ್ನು ಪಡೆಯುವವರ ಮನೆಯವರು ಜ್ವರವನ್ನು ಹಗುರವಾಗಿ ಕಾಣದೆ, ಮಾತ್ರೆ ನುಂಗಿಸಿ ಕಾಯದೆ, ಕೂಡಲೇ ವೈದ್ಯರಿಗೆ ತಿಳಿಸಬೇಕು.