ತುದಿಯ ವಯಸ್ಸು ಆರು ವರ್ಷ

ಎಣ್ಣೆ ಶೀಷೆಯ ಮೇಲಿನ ಚಿತ್ರದಲ್ಲಿ ಜಡೆ ಮೊಣಕಾಲಿನ ತನಕ ಇಳಿದಿರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಅದರ ಅರ್ಥ ಯಾರಿಗಾದರೂ ಆಗುತ್ತದೆ: ಇದನ್ನು ಹಚ್ಚಿ, ಕೂದಲು ಬೆಳೆಯುತ್ತದೆ. ಈ ಮಾತನ್ನು ನಂಬದವರು ಸಾಮಾನ್ಯವಾಗಿ ಇನ್ನೊಂದು ಅತಿಗೆ ಹೋಗುತ್ತಾರೆ. ಕೂದಲು ಸತ್ತ ವಸ್ತು, ಸತ್ತದ್ದಕ್ಕೆ ಎಣ್ಣೆಯನ್ನೋ ಬೆಣ್ಣೆಯನ್ನೋ ತಿಕ್ಕಿ ಏನು ಬಂತು ಎಂದು ಕೇಳುತ್ತಾರೆ. ಇಬ್ಬರೂ ಮರೆಯುವುದು ಒಂದು ಸರಳ ಲೆಕ್ಕವನ್ನು. ಬುಡದಲ್ಲಿ ಬೆಳೆದದ್ದರಲ್ಲಿ ತುದಿಯಲ್ಲಿ ಮುರಿದದ್ದನ್ನು ಕಳೆದರೆ ಉಳಿಯುವುದೇ ಉದ್ದ. ಕೊಬ್ಬಿನ ಪದಾರ್ಥಗಳಿಗೆ ಬುಡದ ಬೆಳವಣಿಗೆಯಲ್ಲಿ ಪಾತ್ರವಿದೆ ಎನ್ನಲು ಗಟ್ಟಿಯಾದ ಪುರಾವೆಯಿಲ್ಲ. ತುದಿಯ ಮುರಿತವನ್ನು ತಡೆಯುವುದರಲ್ಲಿ ಮಾತ್ರ ಅವುಗಳ ಕೈವಾಡ ನಿಜವಾದದ್ದು, ಅಳೆದು ತೋರಿಸಬಹುದಾದದ್ದು. ಕೂದಲು ಸತ್ತ ವಸ್ತು ಎಂಬುದು ಎಣ್ಣೆಯ ವಿರುದ್ಧದ ವಾದವೇ ಅಲ್ಲ. ಚರ್ಮ ಗೀರಿದರೆ ತಾನೇ ಮಾಯುತ್ತದೆ, ಕೂದಲು ಮಾಯುವುದಿಲ್ಲ. ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾಗದ ವಸ್ತುವಿಗೇ ಹೊರಗಿನ ಕಾವಲು ಹೆಚ್ಚು ಬೇಕು.

ತಲೆಯ ಚರ್ಮದೊಳಗಿನ ಕೋಶಕದಲ್ಲಿ ಹುಟ್ಟುವ ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡರಿಂದ ಏಳು ವರ್ಷ ಹೀಗೆ ಬೆಳೆದು, ಕೆಲವು ತಿಂಗಳು ಸುಮ್ಮನಿದ್ದು, ಉದುರುತ್ತದೆ. ಈ ಅವಧಿ ಯಾರಿಗೆ ಎರಡು ವರ್ಷ, ಯಾರಿಗೆ ಏಳು ಎಂಬುದು ಮುಖ್ಯವಾಗಿ ವಂಶದಿಂದ ಬಂದದ್ದು. ಹಾರ್ಮೋನು, ಕಾಯಿಲೆ, ಹೆರಿಗೆ, ಕಬ್ಬಿಣದ ಕೊರತೆ ಮುಂತಾದವು ಅದನ್ನು ಏರುಪೇರು ಮಾಡಬಲ್ಲವು. ಚರ್ಮದಿಂದ ಹೊರಗೆ ಬಂದ ಎಳೆ ಮಾತ್ರ ಬರೀ ಕೆರಾಟಿನ್ ಎಂಬ ಪ್ರೋಟೀನು. ಅದರಲ್ಲಿ ರಕ್ತವಿಲ್ಲ, ನರವಿಲ್ಲ. ಸೊಂಟ ಮುಟ್ಟುವ ಎಪ್ಪತ್ತೈದು ಸೆಂಟಿಮೀಟರ್ ಕೂದಲಿನ ತುದಿಗೆ ಈ ಲೆಕ್ಕದಲ್ಲಿ ಆರು ವರ್ಷ ವಯಸ್ಸು. ವಾರಕ್ಕೆರಡು ಸಲ ತಲೆಗೆ ಸ್ನಾನ ಎಂದಿಟ್ಟುಕೊಂಡರೂ ಆ ತುದಿ ಆರುನೂರು ಸಲ ನೆನೆದು ಒಣಗಿದೆ, ಸಾವಿರಾರು ಸಲ ಬಾಚಣಿಗೆಯ ಹಲ್ಲಿಗೆ ಸಿಕ್ಕಿದೆ, ಆರು ಬೇಸಿಗೆಯ ಬಿಸಿಲು ಕಂಡಿದೆ. ಬುಡದ ಹತ್ತಿರ ನುಣುಪಾಗಿರುವ ಕೂದಲು ತುದಿಯಲ್ಲಿ ಒರಟಾಗಿ ಸೀಳಿದ್ದರೆ ಅದು ರೋಗವಲ್ಲ, ಸವಕಳಿ. ಬುಡದಲ್ಲಿ ತಿಂಗಳಿಗೊಂದು ಸೆಂಟಿಮೀಟರ್ ಬೆಳೆಯುತ್ತ ತುದಿಯಲ್ಲಿ ಅಷ್ಟೇ ಮುರಿಯುತ್ತಿದ್ದರೆ ಆ ಜಡೆಯ ಉದ್ದ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಕೂದಲು ಬೆಳೆಯುತ್ತಲೇ ಇಲ್ಲ ಎಂದು ಕೊರಗುವವರಲ್ಲಿ ಹಲವರ ಕೂದಲು ಬೆಳೆಯುತ್ತಲೇ ಇರುತ್ತದೆ.

ಸವಕಳಿ ಹೇಗಾಗುತ್ತದೆ ಎಂದು ತಿಳಿಯಲು ಎಳೆಯ ರಚನೆ ನೋಡಬೇಕು. ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ದಪ್ಪವಿರುವುದು ಅಪರೂಪವಾದ ಈ ಎಳೆಯೊಳಗೆ ಉದ್ದುದ್ದ ನಾರುಗಳ ತಿರುಳಿದೆ. ಅದಕ್ಕೆ ಕಾರ್ಟೆಕ್ಸ್ ಎಂದು ಹೆಸರು. ಅದರ ಸುತ್ತ ಮಂಗಳೂರು ಹಂಚಿನ ಮಾಡಿನಂತೆ ಒಂದರ ಮೇಲೊಂದು ಚಾಚಿಕೊಂಡ ತೆಳು ಹುರುಪೆಗಳ ಕವಚವಿದೆ, ಅದೇ ಕ್ಯೂಟಿಕಲ್. ಹುರುಪೆಗಳ ಅಂಚು ತುದಿಯ ಕಡೆಗೆ ಮುಖ ಮಾಡಿರುತ್ತದೆ. ಬುಡದಿಂದ ತುದಿಗೆ ಬೆರಳು ಎಳೆದರೆ ನುಣುಪು, ತಿರುಗಿ ಎಳೆದರೆ ತಡೆ. ಈ ಕವಚದ ಮೇಲೆ ಪ್ರಕೃತಿಯೇ ಒಂದು ಕೊಬ್ಬಿನಾಮ್ಲದ ಪದರವನ್ನು ಬಂಧ ಹಾಕಿ ಕೂರಿಸಿದೆ. ಅದು ನೀರನ್ನು ದೂರವಿಡುತ್ತದೆ, ಎಳೆಗೆ ಎಳೆ ಉಜ್ಜದಂತೆ ಜಾರಿಸುತ್ತದೆ. ಬ್ಲೀಚು, ಕ್ಷಾರದ ಬಣ್ಣಗಳು, ಬಿಸಿಲು ಆ ಪದರವನ್ನು ಕಿತ್ತು ಹಾಕುತ್ತವೆ. ಒಮ್ಮೆ ಹೋದದ್ದು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಆಮೇಲೆ ನೀರು ಸಲೀಸಾಗಿ ಒಳಗೆ ಹೋಗುತ್ತದೆ. ಪೂರ್ತಿ ನೆನೆದ ಕೂದಲು ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ನೀರು ಹೀರಿ, ಅಡ್ಡಳತೆಯಲ್ಲಿ ಶೇ. 15ರ ಆಸುಪಾಸು ಉಬ್ಬುತ್ತದೆ. ಉದ್ದದಲ್ಲಿ ಮಾತ್ರ ಶೇ. 1 ಅಥವಾ 2. ಒಳಗಿನ ತಿರುಳು ಹೀಗೆ ಉಬ್ಬಿದಾಗ ಹೊರಗಿನ ಹುರುಪೆಗಳು ಅಂಚಿನಲ್ಲಿ ಏಳುತ್ತವೆ, ಒಣಗಿದಾಗ ಕೂರುತ್ತವೆ. ನೂರಾರು ಸಲ ಇದೇ ಆದರೆ ಕೆಲವು ಸರಿಯಾಗಿ ಕೂರುವುದಿಲ್ಲ, ಬಾಚುವಾಗ ಚೂರಾಗಿ ಕಳಚುತ್ತವೆ. ಹುರುಪೆ ಹೋದ ಜಾಗದಲ್ಲಿ ತಿರುಳಿನ ನಾರು ಬಿಚ್ಚಿಕೊಳ್ಳುತ್ತದೆ, ಸೀಳುತುದಿ ಎನ್ನುವುದು ಅದನ್ನೇ. ಅಂದರೆ ನಾವು ಕೂದಲಿಗೆ ಅಮೃತವೆಂದು ತಿಳಿದಿರುವ ನೀರೇ ಸವಕಳಿಯ ಒಂದು ದೊಡ್ಡ ಕಾರಣ.

ಎಣ್ಣೆ ಕೆಲಸ ಮಾಡುವುದು ಇಲ್ಲಿ. 2003ರಲ್ಲಿ ಮುಂಬೈನ ಮಾರಿಕೋ ಕಂಪನಿಯ ಸಂಶೋಧಕರಾದ ರೇಳೆ ಮತ್ತು ಮೊಹಿಲೆ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಕೂದಲ ಕುಚ್ಚುಗಳಿಗೆ ಹಚ್ಚಿ, ಕೂದಲಿನಿಂದ ಎಷ್ಟು ಪ್ರೋಟೀನು ಕಳಚಿ ಹೋಗುತ್ತದೆ ಎಂದು ಅಳೆದರು. ನಷ್ಟವನ್ನು ಗಣನೀಯವಾಗಿ ಇಳಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಆರೋಗ್ಯವಾದ ಕೂದಲಿನಲ್ಲೂ, ಹಾಳಾದ ಕೂದಲಿನಲ್ಲೂ, ತೊಳೆಯುವ ಮುಂಚೆ ಹಚ್ಚಿದರೂ, ಆಮೇಲೆ ಹಚ್ಚಿದರೂ. ಕಾರಣ ಅಣುವಿನ ಆಕಾರದಲ್ಲಿದೆ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಸರಪಳಿಯಲ್ಲಿ ಇಂಗಾಲದ ಪರಮಾಣುಗಳು ಹನ್ನೆರಡೇ, ಸರಪಳಿ ನೇರ. ಸೂರ್ಯಕಾಂತಿಯದು ಹದಿನೆಂಟು, ಜೊತೆಗೆ ಎರಡು ಬಂಧಗಳಲ್ಲಿ ಬಾಗಿದ್ದು; ಸಂದಿಯಲ್ಲಿ ನುಸುಳಲು ಒಗ್ಗದು. ಪೆಟ್ರೋಲಿಯಂ ಮೂಲದ ಮಿನರಲ್ ಆಯಿಲಿಗೆ ಪ್ರೋಟೀನಿನ ಜೊತೆ ಒಲವೇ ಇಲ್ಲ, ಮೇಲೆ ಹರಡಿಕೊಂಡು ಹೊಳೆಯುತ್ತದೆ, ಅಷ್ಟೆ. ಒಳಗೆ ಸೇರಿದ ಎಣ್ಣೆ ನೀರಿಗೆ ಜಾಗ ಬಿಡುವುದಿಲ್ಲವಾದ್ದರಿಂದ ಉಬ್ಬು ತಗ್ಗುತ್ತದೆ, ಹುರುಪೆಗಳ ಏಳುಬೀಳು ತಗ್ಗುತ್ತದೆ. ನರಕ ಚತುರ್ದಶಿಯ ಬೆಳಗಿನ ಜಾವ ಮೈತಲೆಗೆ ಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಆಮೇಲೆ ಸೀಗೆಪುಡಿ ಹಾಕಿ ಮೀಯುವ ಕ್ರಮ ಈ ದೃಷ್ಟಿಯಿಂದ ಸರಿಯಾದ ಅನುಕ್ರಮವೇ. ನೀರು ಬೀಳುವ ಮೊದಲೇ ಎಣ್ಣೆ ಒಳಗಿರಬೇಕು. ಹಾಗೆಂದು ನಮ್ಮ ಹಿರಿಯರಿಗೆ ಲಾರಿಕ್ ಆಮ್ಲ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳಬೇಕಾಗಿಲ್ಲ. ಕರಾವಳಿಯವರು ಕೊಬ್ಬರಿ ಎಣ್ಣೆ ಹಚ್ಚಿದ್ದು ತೆಂಗು ಹಿತ್ತಲಲ್ಲಿತ್ತೆಂದು, ಬಯಲುಸೀಮೆಯವರು ಹರಳೆಣ್ಣೆ ಹಚ್ಚಿದ್ದು ಹರಳು ಹೊಲದಲ್ಲಿತ್ತೆಂದು. ಹರಳೆಣ್ಣೆಯ ಅಣು ದೊಡ್ಡದು, ಎಣ್ಣೆ ಅಂಟಂಟು. ಅದು ಹೊಳಪು ಕೊಡಬಹುದು. ಕೂದಲು ಬೆಳೆಸುತ್ತದೆ ಎಂಬ ಅದರ ಖ್ಯಾತಿಗೆ ಆಧಾರ ಸಿಕ್ಕಿಲ್ಲ.

ಕೊಬ್ಬರಿ ಎಣ್ಣೆ ಮಾರುವ ಕಂಪನಿಯೇ ಕೊಬ್ಬರಿ ಎಣ್ಣೆ ಒಳ್ಳೆಯದೆಂದರೆ ನಂಬಬೇಕೆ? ನ್ಯಾಯವಾದ ಆಕ್ಷೇಪಣೆ. ಇದಕ್ಕೂ ಮುಂಚೆ, 2001ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿರುವ ಜವಳಿ ಸಂಶೋಧನಾ ಸಂಸ್ಥೆಯವರು ಎಳೆಯನ್ನು ಅಡ್ಡ ಕೊಯ್ದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದ್ದರು. ಕೊಬ್ಬರಿ ಎಣ್ಣೆ ಒಳಗೆ ಇಳಿದಿತ್ತು, ಮಿನರಲ್ ಆಯಿಲ್ ಇಳಿದಿರಲಿಲ್ಲ. ಬಟ್ಟೆಯವರಿಗೆ ಕೂದಲೇಕೆ ಎನ್ನಬೇಡಿ, ಅವರ ಪಾಲಿಗೆ ಉಣ್ಣೆಯೂ ಕೂದಲೂ ಒಂದೇ ಜಾತಿಯ ನಾರು. ಆದರೆ ಆ ಪ್ರಬಂಧದಲ್ಲೂ ಮಾರಿಕೋದವರ ಹೆಸರಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಹಾಗಿದ್ದೂ ನಾನು ಈ ಫಲಿತಾಂಶವನ್ನು ಒಪ್ಪುವುದಕ್ಕೆ ಕಾರಣವಿದೆ. ಅಣುವಿನ ಗಾತ್ರ ಮತ್ತು ಆಕಾರದಿಂದ ಏನನ್ನು ನಿರೀಕ್ಷಿಸಬಹುದೋ ಅದೇ ಅಳತೆಯಲ್ಲೂ ಕಂಡಿದೆ. ಹೇಳಿಕೆಯೂ ಮಿತವಾಗಿದೆ: ಪ್ರೋಟೀನ್ ನಷ್ಟ ಇಳಿಯುತ್ತದೆ ಎಂದರೇ ಹೊರತು ಮೊಣಕಾಲಿನ ತನಕ ಬೆಳೆಯುತ್ತದೆ ಎನ್ನಲಿಲ್ಲ. ಅನುಮಾನಪಡಬೇಕಾದದ್ದು ಪ್ರಯೋಗಾಲಯದ ಆ ಸಣ್ಣ ಮಾತು ಜಾಹೀರಾತಿಗೆ ಬರುವಾಗ ಆಗುವ ಹಿಗ್ಗುವಿಕೆಯ ಬಗ್ಗೆ.

ಇನ್ನು ಬೆಣ್ಣೆಗಳ ವಿಷಯ. ಇವು ಹಾಲಿನ ಬೆಣ್ಣೆಯಲ್ಲ, ಬೀಜದ ಗಟ್ಟಿ ಕೊಬ್ಬು. ಇವುಗಳಲ್ಲಿ ಲೋಕಪ್ರಸಿದ್ಧವಾದದ್ದು ಶಿಯಾ. ಸೆನೆಗಲ್‌ನಿಂದ ಉಗಾಂಡದವರೆಗೆ ಸಹಾರಾದ ದಕ್ಷಿಣಕ್ಕೆ ಹಬ್ಬಿದ ಹುಲ್ಲುಗಾವಲಿನಲ್ಲಿ ಬೆಳೆಯುವ ಈ ಮರದ ಕಾಯಿಗಳನ್ನು ಹೆಂಗಸರು ಆಯ್ದು, ಒಣಗಿಸಿ, ಜಜ್ಜಿ, ಹುರಿದು, ಅರೆದು, ನೀರು ಹಾಕಿ ಕೈಯಲ್ಲೇ ಕಡೆದು ಬೆಣ್ಣೆ ತೆಗೆಯುತ್ತಾರೆ. ಸ್ಕಾಟ್ಲೆಂಡಿನ ಪ್ರವಾಸಿ ಮಂಗೊ ಪಾರ್ಕ್ 1799ರ ತನ್ನ ಪುಸ್ತಕದಲ್ಲಿ, ಉಪ್ಪು ಹಾಕದೆಯೂ ವರ್ಷವಿಡೀ ಕೆಡದ ಈ ಮರದ ಬೆಣ್ಣೆಯನ್ನು ಬಾಯಿತುಂಬ ಹೊಗಳಿದ್ದಾನೆ. ನಮ್ಮ ಹಿಪ್ಪೆ ಮತ್ತು ಸಪೋಟ ಇದೇ ಕುಟುಂಬದ ಮರಗಳು. ಕುಟುಂಬ ಬೇರೆಯಾದರೂ ಗುಣದಲ್ಲಿ ಶಿಯಾಕ್ಕೆ ಇನ್ನೂ ಹತ್ತಿರವಾದದ್ದು ಉತ್ತರ ಕನ್ನಡದ ಮುರುಗಲ ತುಪ್ಪ. ಕರಾವಳಿಯವರು ಪುನರ್ಪುಳಿ ಎನ್ನುವ ಹಣ್ಣಿನ ಬೀಜದಿಂದ ತೆಗೆದದ್ದು, ಹಿಮ್ಮಡಿ ಒಡೆದಾಗ ಹಚ್ಚುವುದು. ಎರಡರಲ್ಲೂ ಪ್ರಧಾನವಾದವು ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳು, ಎರಡೂ ಹದಿನೆಂಟು ಇಂಗಾಲದವು. ಇಂಥ ದೊಡ್ಡ ಅಣುಗಳು ಎಳೆಯೊಳಗೆ ಇಳಿಯುತ್ತವೆ ಎಂದು ನಿರೀಕ್ಷಿಸುವಂತಿಲ್ಲ. ಶಿಯಾ ಮೈಶಾಖದ ಆಸುಪಾಸಿನಲ್ಲಿ ಕರಗುತ್ತದೆ, ಮುರುಗಲ ತುಪ್ಪಕ್ಕೆ ಇನ್ನೂ ಸ್ವಲ್ಪ ಹೆಚ್ಚು ಬಿಸಿ ಬೇಕು. ಅಂಗೈಯಲ್ಲಿ ತಿಕ್ಕಿ ಕರಗಿಸಿ ಸವರಿದ್ದು ಕೂದಲ ಮೇಲೆ ಮತ್ತೆ ಹೆಪ್ಪುಗಟ್ಟಿ ತೆಳು ಪದರವಾಗಿ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಒಳಗಿನಿಂದ ಕಾಯುವುದಾದರೆ ಬೆಣ್ಣೆ ಹೊರಗಿನಿಂದ ಕಾಯುತ್ತದೆ: ಉಜ್ಜಾಟ ತಗ್ಗಿಸುತ್ತದೆ, ಎದ್ದ ಹುರುಪೆಯನ್ನು ಒತ್ತಿ ಹಿಡಿಯುತ್ತದೆ. ತೆಳುವಾದ ನೀಳ ಕೂದಲಿಗೆ ಇದು ಭಾರ, ಜಿಡ್ಡು. ಸುರುಳಿ ಸುರುಳಿಯಾದ ಕೂದಲಿಗೆ ಇದೇ ಬೇಕು.

ಏಕೆಂದರೆ ಆಫ್ರಿಕಾ ಮೂಲದವರ ಕೂದಲಿನ ಸಮಸ್ಯೆಯೇ ಬೇರೆ. ಅದರ ಅಡ್ಡಕೊಯ್ತ ಮೊಟ್ಟೆಯಾಕಾರದ್ದು, ಎಳೆ ತನ್ನ ಸುತ್ತ ತಾನೇ ತಿರುಚಿಕೊಂಡಿರುತ್ತದೆ, ಪ್ರತಿ ತಿರುವೂ ಮುರಿಯಬಲ್ಲ ಜಾಗ. ನೆತ್ತಿಯ ಚರ್ಮದ ಜಿಡ್ಡು ನೇರ ಕೂದಲಿನಲ್ಲಿ ಇಳಿಯುವಷ್ಟು ಸುಲಭವಾಗಿ ಈ ಸುರುಳಿಗಳಲ್ಲಿ ಇಳಿಯುವುದಿಲ್ಲ. ಬೆಳವಣಿಗೆಯೂ ನಿಧಾನ, 2001ರ ಒಂದು ಫ್ರೆಂಚ್ ಅಧ್ಯಯನದಲ್ಲಿ ದಿನಕ್ಕೆ ಸರಾಸರಿ 256 ಮೈಕ್ರಾನ್ ಕಂಡುಬಂತು, ಯುರೋಪಿಯನ್ನರದು 396. ಅದಕ್ಕೂ ಒಂದು ವರ್ಷ ಮೊದಲು ಚರ್ಮವೈದ್ಯೆ ನೊನ್‌ಲಾನ್‌ಲಾ ಖುಮಾಲೊ ಮತ್ತು ಸಂಗಡಿಗರು ಇಂಥ ಕೂದಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಂಟುಗಳೂ ಮುರಿದ ತುದಿಗಳೂ ಹೇರಳವಾಗಿ ಕಂಡವು. ಈ ಕೂದಲು ಗಿಡ್ಡವಾಗಿ ಉಳಿಯುವುದರಲ್ಲಿ ಮುರಿತದ ಪಾತ್ರ ದೊಡ್ಡದೆಂದಾಯಿತು. ಚಾಡ್ ದೇಶದ ಬಸಾರ ಹೆಂಗಸರ ಸೊಂಟದ ತನಕದ ಜಡೆಗಳು ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸುತ್ತವೆ. ಕ್ರೋಟಾನ್ ಜಾತಿಯ ಬೀಜ ಮುಂತಾದವನ್ನು ಕುಟ್ಟಿದ ಚೆಬೆ ಎಂಬ ಪುಡಿಯನ್ನು ಕೊಬ್ಬಿನೊಂದಿಗೆ ಕಲಸಿ ಅವರು ಒದ್ದೆ ಕೂದಲಿಗೆ ಸವರುತ್ತಾರೆ, ಹೆಣೆದು ದಿನಗಟ್ಟಲೆ ಹಾಗೇ ಬಿಡುತ್ತಾರೆ. ಚೆಬೆಯನ್ನು ಈಗ ಕೂದಲು ಬೆಳೆಸುವ ಪುಡಿಯೆಂದು ಜಗತ್ತಿಗೆಲ್ಲ ಮಾರಲಾಗುತ್ತಿದೆ. ಆದರೆ ಅವರು ಅದನ್ನು ನೆತ್ತಿಗೆ ಹಚ್ಚುವುದೇ ಇಲ್ಲ, ಎಳೆಯ ಉದ್ದಕ್ಕೆ ಮಾತ್ರ ಹಚ್ಚುತ್ತಾರೆ. ಬುಡ ಬೆಳೆಸುವ ಔಷಧಿಯನ್ನು ಬುಡಕ್ಕೇ ಹಚ್ಚದಿರುವುದು ಹೇಗೆ? ನನ್ನ ಲೆಕ್ಕದಲ್ಲಿ ಅಲ್ಲಿ ಕೆಲಸ ಮಾಡುತ್ತಿರುವುದು ಪುಡಿಗಿಂತ ಹೆಚ್ಚಾಗಿ ಕೊಬ್ಬಿನ ಲೇಪ, ಮತ್ತು ಬಾಚಣಿಗೆಗೆ ಸಿಕ್ಕುವ ದಿನಗಳು ಕಡಿಮೆಯಾಗುವುದು.

ಎಣ್ಣೆಬೆಣ್ಣೆಗಳು ಕೂದಲಿಗೆ ತೇವ ಕೊಡುತ್ತವೆ ಎಂಬ ಮಾತು ಮಾತ್ರ ಸರಿಯಲ್ಲ. ಅವುಗಳಲ್ಲಿ ನೀರೇ ಇಲ್ಲದಿರುವಾಗ ಕೊಡುವುದೇನನ್ನು? 2007ರಲ್ಲಿ ಅದೇ ಪ್ರಿನ್ಸ್‌ಟನ್ ಸಂಸ್ಥೆಯ ಅಳತೆಗಳಲ್ಲಿ ಕಂಡದ್ದು ಎಣ್ಣೆಯ ಪದರವಿದ್ದರೆ ಕೂದಲು ಗಾಳಿಯ ತೇವವನ್ನು ಕಡಿಮೆ ಹೀರುತ್ತದೆ ಎಂದು. ಹಾಗಾದರೆ ಎಣ್ಣೆ ಹಚ್ಚಿದ ಮೇಲೆ ಮೃದುವಾಯಿತು ಎಂದು ಎಲ್ಲರಿಗೂ ಅನಿಸುವುದು ಸುಳ್ಳೇ ಎಂದು ಕೇಳಬಹುದು. ಅನುಭವ ಸುಳ್ಳಲ್ಲ, ಅದಕ್ಕೆ ಕೊಟ್ಟ ವಿವರಣೆ ತಪ್ಪು. ಬೆರಳಿಗೆ ಒಣಕಲು ಎನಿಸುವುದು ನೀರಿನ ಕೊರತೆಯಿಂದಲ್ಲ, ಎದ್ದುನಿಂತ ಹುರುಪೆಗಳ ಒರಟಿನಿಂದ. ಎಣ್ಣೆ ಒರಟನ್ನು ಅಡಗಿಸುತ್ತದೆ. ಕೊನೆಗೂ ಒಣ ಹವೆಯಲ್ಲಿ ಕೂದಲು ಒಣಗಿಯೇ ತೀರುತ್ತದೆ, ಮೇಲಿನ ಪದರ ಅದನ್ನು ನಿಧಾನ ಮಾಡಬಹುದು, ನಿಲ್ಲಿಸಲಾರದು. ಆದ್ದರಿಂದ ಸುರುಳಿ ಕೂದಲಿನವರು ಮೊದಲು ನೀರು, ಆಮೇಲೆ ಎಣ್ಣೆ, ಅದರ ಮೇಲೆ ಬೆಣ್ಣೆ ಎಂದು ಅನುಸರಿಸುವ ಕ್ರಮದಲ್ಲಿ ಅರ್ಥವಿದೆ: ಆ ಕೂದಲನ್ನು ಒಣಗಿದ್ದಾಗ ಬಾಚಲು ಹೆಚ್ಚು ಬಲ ಬೇಕು, ಒದ್ದೆಯಿದ್ದಾಗ ಕಡಿಮೆ. ನೇರ ಕೂದಲಿನದು ಇದಕ್ಕೆ ತದ್ವಿರುದ್ಧ, ಒದ್ದೆಯಲ್ಲೇ ಹೆಚ್ಚು ಸಿಕ್ಕು, ಹೆಚ್ಚು ಮುರಿತ. ಯಲ್ಲಾಪುರದ ಸುರುಳಿಗೂದಲಿನ ಸಿದ್ದಿ ಹುಡುಗಿಗೂ ಮೈಸೂರಿನ ನೀಳಜಡೆಯವಳಿಗೂ ಒಂದೇ ಸಲಹೆ ಕೊಡುವ ಅಂಕಣಗಳು ಇಬ್ಬರಲ್ಲಿ ಒಬ್ಬಳ ಕೂದಲನ್ನಾದರೂ ಮುರಿಸುತ್ತವೆ.

ಇದೇ ಕೆಲಸವನ್ನು ಅಂಗಡಿಯ ಕಂಡಿಷನರ್ ಮಾಡುವುದಿಲ್ಲವೆ? ಮಾಡುತ್ತದೆ. ಜಾರಿಸುವ ಕೆಲಸವನ್ನು ಅದರಲ್ಲಿರುವ ಸಿಲಿಕೋನ್, ಎಣ್ಣೆಗಿಂತ ಚೆನ್ನಾಗಿಯೇ ಮಾಡುತ್ತದೆ. ನೈಸರ್ಗಿಕ ಎಂಬ ಒಂದೇ ಕಾರಣಕ್ಕೆ ಎಣ್ಣೆಗೆ ಮಣೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೊಬ್ಬರಿ ಎಣ್ಣೆಯ ಹೆಚ್ಚುಗಾರಿಕೆ ಒಳಗೆ ಇಳಿಯುವುದರಲ್ಲಿದೆ. ಎರಡನ್ನೂ ಬಳಸಬಹುದು, ಒಂದನ್ನು ಸ್ನಾನಕ್ಕೆ ಮುಂಚೆ, ಇನ್ನೊಂದನ್ನು ಆಮೇಲೆ. ಇನ್ನೂ ಗಟ್ಟಿಯಾದ ಆಕ್ಷೇಪಣೆ ಚರ್ಮವೈದ್ಯರದು. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರ ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು, ನೆತ್ತಿಯ ಜಿಡ್ಡನ್ನು ತಿಂದು ಬದುಕುತ್ತದೆ. ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಸುರಿದರೆ ಅದಕ್ಕೆ ಊಟ ಬಡಿಸಿದಂತೆ. ಆದರೆ ಈ ಆಕ್ಷೇಪಣೆ ನೆತ್ತಿಗೆ ಅನ್ವಯಿಸುತ್ತದೆಯೇ ಹೊರತು ಎಳೆಗಲ್ಲ. ನಾವು ಎಣ್ಣೆಯಲ್ಲಿ ಬಹುಪಾಲನ್ನು ತಟ್ಟಿ ಇಳಿಸುವುದು ನೆತ್ತಿಗೆ, ಅಂದರೆ ನಿನ್ನೆ ಮೊನ್ನೆ ಹುಟ್ಟಿದ, ಕವಚ ಗಟ್ಟಿಯಿರುವ, ಸ್ವಂತ ಜಿಡ್ಡೂ ಇರುವ ಕೂದಲಿಗೆ. ಆರು ವರ್ಷದ ತುದಿಗೆ ಸಿಗುವುದು ಅಂಗೈಯಲ್ಲಿ ಉಳಿದ ಪಸೆ. ಉದ್ದ ಉಳಿಯಬೇಕೆಂದರೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಎಣ್ಣೆಯನ್ನು ತುದಿಯಿಂದ ಶುರುಮಾಡಿ ಮೇಲಕ್ಕೆ ಹಚ್ಚಿ, ಕಿವಿಯ ಮಟ್ಟಕ್ಕೆ ಬಂದಾಗ ನಿಲ್ಲಿಸಿದರೂ ನಡೆಯುತ್ತದೆ.