ಎಲ್ಲೋ ನೋಡಿದ ಹಾಗಿರುವ ಪದ

ಇಂಗ್ಲಿಷಿನ ‘ವೇಗ್ಲಿ’ಗೂ ನಮ್ಮ ವೇಗಕ್ಕೂ ಯಾವ ನಂಟೂ ಇಲ್ಲ. ‘ವೇಗ್’ ಎಂಬ ಗುಣವಾಚಕಕ್ಕೆ ‘ಲಿ’ ಸೇರಿ ಹುಟ್ಟಿದ ಕ್ರಿಯಾವಿಶೇಷಣ ಅದು. ಬರೆಯುವಾಗ ನಡುವೆ ಬರುವ ಯು, ಇ ಅಕ್ಷರಗಳು ಬಾಯಿಗೆ ಬರುವುದಿಲ್ಲ. ನಿಘಂಟು ತೆರೆದರೆ ‘ಅಸ್ಪಷ್ಟವಾಗಿ’ ಎಂಬ ಅರ್ಥ ಸಿಗುತ್ತದೆ. ತಪ್ಪೇನಿಲ್ಲ, ಆದರೆ ಅಷ್ಟನ್ನೇ ಉರುಹೊಡೆದವರು ಮೊದಲ ತಿರುವಿನಲ್ಲೇ ಎಡವುತ್ತಾರೆ. ತೊದಲುವವನ ಮಾತೂ ಕನ್ನಡದಲ್ಲಿ ಅಸ್ಪಷ್ಟ, ವೈದ್ಯರ ಚೀಟಿಯ ಗೀಚಕ್ಷರವೂ ಅಸ್ಪಷ್ಟ. ಆದರೆ ಇಂಗ್ಲಿಷಿನಲ್ಲಿ ಒಬ್ಬ ‘ವೇಗ್ಲಿ’ ಮಾತಾಡಿದ ಎಂದರೆ ಅವನ ಉಚ್ಚಾರದ ಮೇಲೆ ದೂರಿಲ್ಲ. ಪದಗಳೆಲ್ಲ ಕಿವಿಗೆ ಬಿದ್ದವು, ಹೇಳಿದ್ದೇನು ಎಂಬುದು ಮಾತ್ರ ಕೈಗೆ ಸಿಗಲಿಲ್ಲ. ನಾವು ಹಾರಿಕೆಯ ಉತ್ತರ ಎನ್ನುತ್ತೇವಲ್ಲ, ಅದರ ನೆರೆಮನೆ.

ಪದದ ಮೂಲದಲ್ಲೇ ಇದರ ಸುಳಿವಿದೆ. ಲ್ಯಾಟಿನ್ನಿನ ‘ವಾಗಸ್’ ಎಂದರೆ ಅಲೆದಾಡುವ, ಒಂದು ಕಡೆ ನಿಲ್ಲದ ಎಂದರ್ಥ. ಊರೂರು ಅಲೆಯುವವನನ್ನು ಹೇಳುವ ‘ವ್ಯಾಗಬಾಂಡ್’ ಅದೇ ಬಳ್ಳಿಯ ಕುಡಿ. ಮಿದುಳಿನಿಂದ ಹೊರಟು ಎದೆ ದಾಟಿ ಹೊಟ್ಟೆಯವರೆಗೆ ಸುತ್ತಾಡುವ ವೇಗಸ್ ನರಕ್ಕೂ ಹೆಸರು ಬಂದದ್ದು ಅಲ್ಲಿಂದಲೇ. ಹಾಗಾಗಿ ಈ ಪದದೊಳಗಿರುವುದು ಕತ್ತಲೆಯಲ್ಲ, ಅಲೆದಾಟ. ಮನಸ್ಸು ವಿಷಯದ ಸುತ್ತಮುತ್ತ ತಿರುಗುತ್ತದೆ, ಅದರ ಮೇಲೆ ಬಂದು ಕೂರುವುದಿಲ್ಲ.

ಇಂಥ ಪದದ ಅರ್ಥ ಅದು ಯಾರ ಜೊತೆ ಓಡಾಡುತ್ತದೆ ಎಂಬುದರಲ್ಲಿರುತ್ತದೆ. ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಒತ್ತಿ ಹೇಳಿದ್ದು ಇದನ್ನೇ. ‘ವೇಗ್ಲಿ’ಯ ಒಡನಾಡಿಗಳನ್ನು ನೋಡಿ. ‘ರಿಮೆಂಬರ್’ ಮುಂದೆ ನಿಂತರೆ ಅದು ಮಸುಕು ಮಸುಕಾದ ನೆನಪು. ‘ಫೆಮಿಲಿಯರ್’ ಮುಂದೆ ಬಂದರೆ ಎಲ್ಲೋ ನೋಡಿದ ಹಾಗಿರುವ ಮುಖ. ಕೈಬೀಸುವ ಕ್ರಿಯಾಪದದ ಹಿಂದೆ ಬಂದರೆ, ದಾರಿ ಕೇಳಿದವನಿಗೆ ಎತ್ತಲೋ ಕೈ ತೋರಿಸಿದಂತೆ. ‘ರಿಡಿಕ್ಯುಲಸ್’ ಜೊತೆ ಸೇರಿದರಂತೂ ಅಸ್ಪಷ್ಟತೆ ಬಹುಮಟ್ಟಿಗೆ ಕರಗಿ, ಇಂಥದ್ದೇ ಎಂದು ಹೇಳಲಾಗದ ಒಂದು ಬಗೆಯ ನಗೆಪಾಟಲು ಉಳಿಯುತ್ತದೆ. ಈ ಕನ್ನಡ ರೂಪಗಳಲ್ಲಿ ಎಷ್ಟು ಕಡೆ ‘ಓ’ ಇಣುಕಿತು ಗಮನಿಸಿ. ಎಲ್ಲಿ, ಯಾರು, ಏನು, ಎಂದು ಎಂಬ ಪ್ರಶ್ನೆಪದಗಳಿಗೆ ಒಂದು ‘ಓ’ ಅಂಟಿಸಿದರೆ ಪ್ರಶ್ನೆ ಹೋಗಿ ಎಲ್ಲೋ, ಯಾರೋ, ಏನೋ, ಎಂದೋ ಆಗುತ್ತವೆ. ಇಂಗ್ಲಿಷು ಒಂದು ಇಡೀ ಕ್ರಿಯಾವಿಶೇಷಣ ಹೂಡಿ ಮಾಡುವ ಕೆಲಸವನ್ನು ಕನ್ನಡ ಬಹಳಷ್ಟು ಸಲ ಈ ಒಂದು ಸ್ವರದಲ್ಲಿ ಮುಗಿಸುತ್ತದೆ. ‘ಆಕೆ ಅಸ್ಪಷ್ಟವಾಗಿ ಮುಗುಳ್ನಕ್ಕಳು’ ಎಂದು ಅನುವಾದಿಸಿದರೆ ಅದು ಕಾಗದದ ಹೂವು. ‘ಏನೋ ನೆನೆದವಳಂತೆ ಮುಗುಳ್ನಕ್ಕಳು’ ಎಂದರೆ ಉಸಿರಾಡುತ್ತದೆ.

ಹಾಗಾದರೆ ‘ಅಂತೆ’ಯೂ ಇದೇ ತಾನೇ ಎಂದು ಯಾರಾದರೂ ಕೇಳಬಹುದು. ಅಲ್ಲ. ‘ಮಳೆ ಬಂತಂತೆ’ ಎನ್ನುವವನು ಹೊಣೆಯನ್ನು ಬೇರೆಯವರ ಬಾಯಿಗೆ ದಾಟಿಸುತ್ತಾನೆ. ‘ವೇಗ್ಲಿ’ ಎನ್ನುವವನು ತನ್ನದೇ ನೆನಪಿನ ಮಸುಕನ್ನು ಒಪ್ಪಿಕೊಳ್ಳುತ್ತಾನೆ. ‘ಆಂಬಿಗ್ಯುಯಸ್ಲಿ’ಯನ್ನೂ ದೂರವೇ ಇಡಬೇಕು. ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಬೆಳಕು ಎರಡೂ ಕಡೆ ಬೀಳುತ್ತದೆ, ಯಾವ ಕಡೆಯದು ಎಂಬುದಷ್ಟೇ ಸಮಸ್ಯೆ. ‘ಅರಸು’ ಎಂದರೆ ದೊರೆಯೋ ಹುಡುಕುವುದೋ ಎಂಬುದು ಆ ಜಾತಿಯ ಗೊಂದಲ. ಕಚೇರಿಯಲ್ಲಿ ‘ಸ್ವಲ್ಪ ದಿನ ಬಿಟ್ಟು ಬನ್ನಿ’ ಎಂದರೆ ಎರಡು ಅರ್ಥವೇನಿಲ್ಲ, ಒಂದೇ. ಅದಕ್ಕೆ ಬೇಲಿಯಿಲ್ಲ, ಅಷ್ಟೆ.

ಪರೀಕ್ಷೆಗೆ ಒಂದು ಪದದ ಅರ್ಥ ಸಾಕು, ಇಷ್ಟೆಲ್ಲ ಕೂದಲು ಸೀಳುವುದೇಕೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕಲಿಕೆ ಎಲ್ಲಿಂದಲಾದರೂ ಶುರುವಾಗಲೇಬೇಕು, ಮೊದಲ ಮೆಟ್ಟಿಲಿಗೆ ನಿಘಂಟು ಒಳ್ಳೆಯದೇ. ಆದರೆ ಬೇಲಿಯಿಲ್ಲದ ಪದಗಳ ಬೆಲೆ ಪರೀಕ್ಷೆಯ ಕೊಠಡಿಯಿಂದ ಹೊರಗೆ ತಿಳಿಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದುಮಾಡಿತು. ಕಿರಿಕಿರಿ, ಅನನುಕೂಲ ಮುಂತಾದ ಅದರ ಪದಗಳಿಗೆ ಎಲ್ಲೆಯೇ ಇಲ್ಲ ಎಂಬುದು ಕಾರಣಗಳಲ್ಲೊಂದು. ಆ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಿತ್ತು. ಕಾನೂನು ‘ವೇಗ್ಲಿ ವರ್ಡೆಡ್’ ಎಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದವರು ಅಕ್ಷರ ಮಸುಕಾಗಿ ಅಚ್ಚಾಗಿದೆ ಎಂದುಕೊಂಡರೆ ದೂರಿನ ತಿರುಳೇ ತಪ್ಪಿಹೋಗುತ್ತದೆ.

ಯಂತ್ರಾನುವಾದ ಇದೆಯಲ್ಲ ಎನ್ನುವವರಿಗೆ ಒಂದು ತೊಡಕು ತೋರಿಸಬೇಕು. ಇದೇ ಪದದ ಮುಂದೆ ‘ನಾಟ್ ಈವನ್’ ಸೇರಿದರೆ ಮಸುಕೆಲ್ಲ ಹರಿದುಹೋಗುತ್ತದೆ. ‘ನಾಟ್ ಈವನ್ ವೇಗ್ಲಿ ಇಂಟರೆಸ್ಟೆಡ್’ ಎಂದವನಿಗೆ ಅರೆಬರೆ ಆಸಕ್ತಿಯಲ್ಲ, ಎಳ್ಳಷ್ಟೂ ಆಸಕ್ತಿಯಿಲ್ಲ. ಅದನ್ನು ‘ಅಸ್ಪಷ್ಟವಾಗಿಯೂ ಆಸಕ್ತಿಯಿಲ್ಲ’ ಎಂದು ಯಂತ್ರ ಮುಂದಿಟ್ಟರೆ, ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವ ಕಣ್ಣು ಓದುವವನಲ್ಲೇ ಇರಬೇಕಾಗುತ್ತದೆ.